ಚಂಡೆ ಪೆಟ್ಟಿನಡಿ ಒಂದು ದನಿ: ಕ್ಯಾಸೆಟ್ ನಾಟಕ, ಎ ಬದಿ

ಹಳೇ ಯಕ್ಷಗಾನ ಕ್ಯಾಸೆಟ್ಟಿನ ನಡುವೆ ಒಬ್ಬ ಹೆಂಗಸಿನ ದನಿ ಅಡಗಿಸಿ ನಾಟಕ ಮಾಡುತ್ತಿದ್ದೇನೆ. ರೆಕಾರ್ಡ್ ಶುರುವಾಗುವಾಗ ಕೇಳುವ ಆ ‘ಠಪ್’ ಅಂತೂ ತೊಲಗಿತು. ಎ ಬದಿ ಮುಗಿದಿದೆ.

ಟೇಪ್ ಓದುವ ಹೆಡ್ ಒರೆಸಿದ್ದು, ಅದರ ಓರೆ ಸರಿಮಾಡುವ ಅಜಿಮತ್ ಸ್ಕ್ರೂ ತಿರುಗಿಸಿದ್ದು, ಮತ್ತೆ ರೆಕಾರ್ಡ್ ಆಗಲೆಂದು ಕ್ಯಾಸೆಟ್ಟಿನ ಬೆನ್ನಿನ ಕಿಂಡಿಗೆ ಸೆಲ್ಲೋಟೇಪ್ ಅಂಟಿಸಿದ್ದು, ಇದೆಲ್ಲ ಬರೆಯುವುದಿಲ್ಲ. ಕ್ಯಾಸೆಟ್ ಹುಚ್ಚಿನ ನೀವೂ ಮಾಡುವುದೇ. ಕ್ಯಾಸೆಟ್ ಓಡಿಸುವ ಡೆಕ್ಕಿನ ರಬ್ಬರ್ ಬೆಲ್ಟ್ ಬಗ್ಗೆ ಮಾತ್ರ ಗೊಣಗಲೇಬೇಕು. ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಒಬ್ಬ ಅಂಗಡಿಯವ ‘ಎಲ್ಲಾ ಡೆಕ್ಕಿಗೂ ಇದೇ’ ಅಂತ ಕೊಟ್ಟದ್ದು ಸಡಿಲ. ಭಾಗವತರ ದನಿ ಕೋಣ ಕೂಗಿದ ಹಾಗೆ ಬಂತು. ವಾಪಸ್ ಒಯ್ದರೆ, ರಬ್ಬರ್ ಅಲ್ವಾ, ನಾಲ್ಕು ದಿನ ಓಡಿಸಿ, ತಾನೇ ಕೂತ್ಕೊಳ್ಳುತ್ತೆ ಅಂತಾನೆ!

ಈ ನಾಟಕದ ಉಪಾಯ ನನ್ನದಲ್ಲ. ಮಾರ್ಗರೆಟ್ ಅಟ್‌ವುಡ್ 1985ರಲ್ಲಿ ಬರೆದ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಕಾದಂಬರಿಯದ್ದು. ಗಿಲಿಯಡ್ ಎಂಬ ರಾಜ್ಯದಲ್ಲಿ ಮಗು ಹೆರಲೆಂದೇ ಇಟ್ಟುಕೊಂಡ ಹೆಂಗಸೊಬ್ಬಳ ಕಥೆ. ಅವಳು ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ. ಅವಳನ್ನು ಕರೆಯುವುದೂ ಯಜಮಾನನ ಹೆಸರು ಹಚ್ಚಿಯೇ. ಎಲ್ಲರಿಗೂ ನೆನಪಿರುವುದು ಆ ಕೆಂಪು ಬಟ್ಟೆ. ನನ್ನನ್ನು ಹಿಡಿದದ್ದು ಕೊನೆಯ ಭಾಗ. 2195ರಲ್ಲಿ ಒಂದು ವಿಚಾರಸಂಕಿರಣ, ಅಲ್ಲೊಬ್ಬ ಪ್ರೊಫೆಸರ್ ಭಾಷಣ. ಅವಳ ಕಥೆ ಸಿಕ್ಕಿದ್ದು ಮಿಲಿಟರಿ ಟ್ರಂಕಿನಲ್ಲಿದ್ದ ಸುಮಾರು ಮೂವತ್ತು ಕ್ಯಾಸೆಟ್ಟುಗಳಲ್ಲಂತೆ. ಎಲ್ವಿಸ್ ಪ್ರೀಸ್ಲಿಯಂಥವರ ಹೆಸರಿನ ಲೇಬಲ್. ಮೊದಲು ಎರಡು ಮೂರು ಹಾಡು, ಆಮೇಲೆ ಅವಳ ದನಿ. ಕೇಳಲು ಪ್ಲೇಯರನ್ನೇ ಹೊಸದಾಗಿ ಕಟ್ಟಬೇಕಾಯಿತಂತೆ. ಅದನ್ನು ಕಟ್ಟಿದವನು ನಮ್ಮವನೇ ಬಿಡಿ.

ನನ್ನ ನಾಟಕದಲ್ಲಿ ಇರುವುದು ಮುಂಬೈಯ ಒಬ್ಬ ಬ್ಯಾಂಕ್ ಗುಮಾಸ್ತೆ. ಕಾದಂಬರಿಯಲ್ಲಿ ಒಂದೇ ದಿನ ಹೆಂಗಸರ ಕೆಲಸವೂ ಹೋಗುತ್ತೆ, ಬ್ಯಾಂಕ್ ಖಾತೆಯೂ ನಿಂತುಹೋಗುತ್ತೆ. ನನ್ನ ಎಳೆ ಅಲ್ಲಿಂದ. ಇವಳು ಪ್ರತಿ ರಾತ್ರಿ ದೀಪ ಆರಿದ ಮೇಲೆ ತನ್ನ ಸತ್ತ ಖಾತೆಯ ನಂಬರ್ ಹೇಳಿಕೊಳ್ಳುತ್ತಾಳೆ. ಅಷ್ಟೇ ಅವಳ ಬಂಡಾಯ. ಓಡಿಹೋಗುವುದಿಲ್ಲ, ಯಾರನ್ನೂ ಕೊಲ್ಲುವುದಿಲ್ಲ. ದನಿ ಡೊಂಬಿವಲಿಯ ನಮ್ಮ ಚಿಕ್ಕಮ್ಮನದು. ಆ ದನಿ ಅಡಗಿಸುವ ಮುಖವಾಡಕ್ಕೆ ಮಾಟುಂಗದ ರದ್ದಿ ಅಂಗಡಿಯಲ್ಲಿ ಸಿಕ್ಕ ಯಕ್ಷಗಾನ ಕ್ಯಾಸೆಟ್. ಬೈಯಬೇಡಿ, ಅದೇ ಪ್ರಸಂಗದ ಇನ್ನೊಂದು ಪ್ರತಿ ನನ್ನ ಹತ್ತಿರ ಜೋಪಾನವಾಗಿದೆ.

ಕಿರಿಕಿರಿ ಶುರುವಾದದ್ದು ಪದ್ಯ ಮುಗಿದು ಮಾತು ಶುರುವಾಗುವ ಜಾಗದಲ್ಲಿ. ಅಗ್ಗದ ಡೆಕ್ಕಿನಲ್ಲಿ ರೆಕಾರ್ಡ್ ಶುರುವಾದ ಕೂಡಲೇ ಹೆಡ್‌ಗೆ ಕರೆಂಟ್ ನುಗ್ಗಿ ‘ಠಪ್’ ಅನ್ನುತ್ತೆ. ಹಳೆಯದನ್ನು ಅಳಿಸುವ ಇರೇಸ್ ಹೆಡ್ಡಿಗೂ ಹೊಸದನ್ನು ತುಂಬುವ ರೆಕಾರ್ಡ್ ಹೆಡ್ಡಿಗೂ ನಡುವೆ ಹೆಚ್ಚುಕಡಿಮೆ ಬೆರಳಗಲ ಜಾಗ. ಆ ತುಂಡು ಟೇಪ್ ಅಳಿಸುವ ಹೆಡ್ಡನ್ನು ಆಗಲೇ ದಾಟಿರುತ್ತೆ. ಸೆಕೆಂಡಿಗೆ 4.76 ಸೆಂ.ಮೀ. ವೇಗದಲ್ಲಿ ಅರ್ಧ ಸೆಕೆಂಡಿಗೂ ಕಡಿಮೆ, ಆದರೆ ಅಷ್ಟು ಹೊತ್ತು ಭಾಗವತರು ಚಿಕ್ಕಮ್ಮನ ಮಾತಿನ ಕೆಳಗೆ ಸಣ್ಣಗೆ ಹಾಡುತ್ತಲೇ ಇರುತ್ತಾರೆ. ಪೂರ್ತಿ ಅಳಿಸೋಣ ಅಂದರೆ ಪದ್ಯವೂ ಹೋಗುತ್ತೆ. ಕಂಪ್ಯೂಟರಿನಲ್ಲಿ ಜೋಡಿಸಿ ಟೇಪಿಗೆ ಇಳಿಸು ಅಂದರು ಕೆಲವರು. ಹಾಗಾದರೆ ಟೇಪ್ ಯಾಕೆ ಬೇಕು ಮಾರಾಯ್ರೆ? ಬಚ್ಚಿಟ್ಟು ರೆಕಾರ್ಡ್ ಮಾಡುವವಳ ಹತ್ತಿರ ಲ್ಯಾಪ್‌ಟಾಪ್ ಇರುತ್ತದೆಯೇ? ಕ್ಯಾಸೆಟ್ ತಪಾಸಣೆ ಮಾಡುವವನು ಮೊದಲು ಹಿಡಿಯುವುದೇ ಆ ‘ಠಪ್’ ಅನ್ನು.

ಇನ್ನೊಂದು ಹಟವೂ ಇತ್ತು: ರೀಟೇಕ್ ಇಲ್ಲ. ಕಾದಂಬರಿಯಲ್ಲಿ ಅವಳು ಯಜಮಾನನ ಡ್ರೈವರ್ ನಿಕ್ ಜೊತೆಗಿನ ಮೊದಲ ರಾತ್ರಿಯನ್ನು ಒಂದು ರೀತಿ ಹೇಳುತ್ತಾಳೆ. ಅದು ನಾನು ಕಟ್ಟಿದ್ದು ಅಂತ ಇನ್ನೊಂದು ರೀತಿ ಹೇಳುತ್ತಾಳೆ. ಅದೂ ಹಾಗಲ್ಲ ಅಂತಾಳೆ. ಕ್ಯಾಸೆಟ್ ಹಿಡಿದು ಕೂತವರಿಗೆ ಇದು ಬೇರೆ ಥರ ಕಾಣುತ್ತೆ. ಹಿಂದಕ್ಕೆ ಸುತ್ತಿ ಮೇಲೆ ರೆಕಾರ್ಡ್ ಮಾಡಿದ್ದರೆ ಮುಗಿಯುತ್ತಿತ್ತು. ಅವಳು ಸುತ್ತಲಿಲ್ಲ. ಇಡೀ ರಾಜ್ಯವೇ ಅವಳ ಹಳೆಯದನ್ನು ಅಳಿಸುತ್ತಾ ಕೂತಿರುವಾಗ, ತನ್ನ ಸುಳ್ಳನ್ನು ಕೂಡ ಅವಳು ಅಳಿಸಲಿಲ್ಲ. ನನಗೆ ಬಂಡಾಯ ಕಂಡದ್ದು ಅಲ್ಲೇ.

ದಾರಿ ತೋರಿಸಿದ್ದು ಚಿಕ್ಕಮ್ಮ. “ಎಂತ ಮಾರಾಯ, ಪದ್ಯ ಮುಗಿಯುವವರೆಗೆ ಯಾಕೆ ಕಾಯುದು? ಚಂಡೆ ಬಡಿಯುವಾಗಲೇ ಒತ್ತು.” ಸರಿ, ಜೋರಾದ ಒಂದು ಪೆಟ್ಟು ಹುಡುಕಿದೆ. ಅಲ್ಲಿ ನಿಲ್ಲಿಸಿ, ಕ್ಯಾಸೆಟ್ ಹೊರತೆಗೆದು, ಅದರ ಚಕ್ರದ ಹಲ್ಲಿಗೆ ಪೆನ್ಸಿಲ್ ಹಾಕಿ ಕೂದಲೆಳೆಯಷ್ಟು ಹಿಂದೆ ತಿರುಗಿಸಿದೆ. ಮೈಕ್ ವಾಲ್ಯೂಮ್ ಸೊನ್ನೆ. ಟೇಪ್ ತಡೆಯುವ ಪಾಜ್ ಗುಂಡಿ ಒತ್ತಿಹಿಡಿದು ರೆಕಾರ್ಡ್, ಆಮೇಲೆ ಪಾಜ್ ಬಿಟ್ಟೆ. ‘ಠಪ್’ ನೇರ ಪೆಟ್ಟಿನ ಮೇಲೆ ಬಿದ್ದು ಅದರಲ್ಲೇ ಕರಗಿತು. ಉಳಿದ ತುಂಡಿನಲ್ಲಿ ಇದ್ದದ್ದು ಚಂಡೆಯ ಗುಂಯ್ ಮಾತ್ರ, ಅದು ಹೇಗೂ ತಾನಾಗಿ ಅಡಗುವಂಥದ್ದು. ನಾನು ವಾಲ್ಯೂಮ್ ಏರಿಸಿದೆ, ಚಿಕ್ಕಮ್ಮ ಶುರು ಮಾಡಿದರು. ನಂಬರ್ ಹೇಳುವಾಗ ನಡುವೆ ತಡವರಿಸಿ “ಅಲ್ಲ, ತಡಿ, ಏಳು ಮೊದಲು” ಅಂದರು. ಇಟ್ಟುಕೊಂಡಿದ್ದೇನೆ.

ಈ ನಡುವೆ ಇನ್ನೊಂದು ಹುಚ್ಚು. ಅದೇ ಕಾದಂಬರಿಯಲ್ಲಿ, ಅವಳ ಕೋಣೆಯಲ್ಲಿ ಅವಳಿಗಿಂತ ಮೊದಲಿದ್ದ ಹೆಂಗಸು ಬೀರುವಿನ ಒಳಮೂಲೆಯಲ್ಲಿ ಒಂದು ಸಾಲು ಗೀರಿ ಹೋಗಿರುತ್ತಾಳೆ. ಚೋರ್ ಬಜಾರಿನಲ್ಲಿ ಹಳೇ ಸಾಗುವಾನಿ ಬೀರು ನೋಡಿಟ್ಟಿದ್ದೇನೆ. ಪಿನ್ನಿನಲ್ಲಿ ಗೀರಿ, ಟಾರ್ಚ್ ಓರೆಯಾಗಿ ಹಿಡಿದರೆ ಮಾತ್ರ ಕಾಣುವ ಹಾಗೆ ಮಾಡಬೇಕು. ಬೀರುವನ್ನು ಮನೆಯಲ್ಲಿ ಎಲ್ಲಿ ಇಡುವುದು ಅಂತ ಹೆಂಡತಿ ಕೇಳುತ್ತಿದ್ದಾಳೆ.

ಮುಂದಿನದು ಬಿ ಬದಿ. ಲೇಬಲ್ಲಿಗೆ ನಂಬರ್ ಹಾಕುವುದಿಲ್ಲ. ಕಾದಂಬರಿಯಲ್ಲೂ ಕ್ಯಾಸೆಟ್ಟುಗಳಿಗೆ ನಂಬರ್ ಇರಲಿಲ್ಲ, ಪ್ರೊಫೆಸರುಗಳು ಊಹಿಸಿ ಜೋಡಿಸಿದ್ದು. ಕೇಳುವವರೂ ಸ್ವಲ್ಪ ಒದ್ದಾಡಲಿ. ಅಷ್ಟರೊಳಗೆ ಯಾರ ಹತ್ತಿರವಾದರೂ ಬಿಗಿಯಾದ, ಅಡ್ಡ ಕೊಯ್ದರೆ ಚೌಕ ಕಾಣುವ ಬೆಲ್ಟ್ ಇದ್ದರೆ ಹೇಳಿ, ಥಾಣೆ ಊರಿನಿಂದ ಈಚೆ ಎಲ್ಲಿದ್ದರೂ ಬಂದು ಒಯ್ಯುತ್ತೇನೆ.