ಬೆಳ್ಳಗಿದ್ದ ಕರಿಕಲ್ಲು

ನಮ್ಮೂರು ಬಾದಾಮಿ ತಾಲೂಕಿನದು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದ ವರ್ಷ, ಹೈಸ್ಕೂಲಿನ ಕಂಪೌಂಡಿಗೆ ಹತ್ತಿಕೊಂಡೇ ಒಂದು ತಗಡಿನ ಶೆಡ್ ಎದ್ದಿತು. ಬಸ್‌ಸ್ಟ್ಯಾಂಡ್ ಮುಂದೆ ಕೂರಿಸುವ ಕಲ್ಲಿನ ಎತ್ತು ಅಲ್ಲಿ ತಯಾರಾಗುತ್ತಿತ್ತು. ಪ್ರಾರ್ಥನೆಗಿಂತ ಮೊದಲೇ ಉಳಿಯ ಸದ್ದು ಶುರು. ಬಿಡುವಿನಲ್ಲಿ ನಾವೆಲ್ಲ ಅಲ್ಲೇ. ಡ್ರಾಯಿಂಗ್ ಸರ್ ಬೈಯಲಿಲ್ಲ, ತಾವೇ ಬಂದು ಪಕ್ಕದಲ್ಲಿ ನಿಂತರು.

ಶಿಲ್ಪಿಯನ್ನು ಕಾಕಾ ಅನ್ನುತ್ತಿದ್ದೆವು. "ಕಾಕಾ, ಕರಿಕಲ್ಲು ಅಂತೀರಿ, ಇದು ಬೆಳ್ಳಗ ಐತಲ್ರಿ?" ಅಂತ ಒಂದಿನ ಕೇಳಿದೆ. ಅವರು ಬಕೆಟ್ಟಿನಲ್ಲಿ ಕೈ ಅದ್ದಿ ಎತ್ತಿನ ಬೆನ್ನ ಮೇಲೆ ಎಳೆದರು. ಕೈ ಹೋದಷ್ಟು ಜಾಗ ಕಪ್ಪಗೆ ಹೊಳೆಯಿತು. ನೋಡುತ್ತಿದ್ದಂತೆ ಆರಿ ಮತ್ತೆ ಬೂದಿ ಬಣ್ಣ. ಉಳಿ ಪೆಟ್ಟಿಗೆ ಮೈ ಒರಟಾಗಿ ಬೆಳ್ಳಗೆ ಕಾಣುತ್ತದೆ, ನೀರು ಹಾಕಿ ಉಜ್ಜಿ ನುಣುಪು ಮಾಡಿದಾಗಲೇ ಕಪ್ಪು ಹೊರಬರುತ್ತದೆ ಅಂತ ಆಮೇಲೆ ಹೇಳಿದರು. ವಿಜ್ಞಾನದಲ್ಲಿ ಬೆಳಕಿನ ಪಾಠ ಬಂದಾಗ ನನ್ನ ಕಣ್ಮುಂದೆ ಬಂದದ್ದು ಆ ಒದ್ದೆ ಬೆನ್ನೇ.

ಸಂಜೆ ಉಳಿಗಳನ್ನು ಇದ್ದಿಲಿನಲ್ಲಿ ಕಾಯಿಸಿ, ಬಡಿದು, ತುದಿಯಷ್ಟನ್ನೇ ನೀರಿಗೆ ಅದ್ದಿ ಹದ ಮಾಡುತ್ತಿದ್ದರು. ಹದ ಜಾಸ್ತಿಯಾದರೆ ಮೊನೆ ಮುರಿಯುತ್ತದೆ, ಕಡಿಮೆಯಾದರೆ ಮಡಚುತ್ತದೆ.

ಸಂತೆಗೆ ಬಂದ ರೈತರೂ ಸುಮ್ನೆ ನೋಡಿ ಹೋಗುತ್ತಿರಲಿಲ್ಲ. "ಗಂಗಿದೊಗಲು ಹಿಂಗ ಇರಂಗಿಲ್ರಿ, ಮಡಿಕಿ ಬೀಳಬೇಕು" ಅಂದರು ಒಬ್ಬ ಅಜ್ಜ. ಮರುದಿನ ತಮ್ಮ ಕಿಲಾರಿ ಎತ್ತನ್ನೇ ಹೊಡೆದುಕೊಂಡು ಬಂದರು. ಕಾಕಾ ಅದರ ಕೊರಳ ಕೆಳಗೆ ಕೈಯಾಡಿಸಿ, ಮಡಿಕೆ ಎಣಿಸಿ, ಕೆಮ್ಮಣ್ಣಿನಿಂದ ಕಲ್ಲಿನ ಮೇಲೆ ಗೆರೆ ಎಳೆದರು. ಅಲ್ಲಿ ಕಲ್ಲು ದಪ್ಪಗೆ ಉಳಿಸಿದ್ದರಿಂದ ತಿದ್ದಲು ಆಯಿತು. "ತೆಗೀಬಹುದು, ಹಚ್ಚಾಕ ಬರಂಗಿಲ್ಲ" ಅನ್ನುತ್ತಿದ್ದರು.

ಆ ವರ್ಷದ ಟ್ರಿಪ್ ಪಟ್ಟದಕಲ್ಲಿಗೆ. ಮೊದಲೂ ಹೋಗಿದ್ದೆ, ಓಡಾಡಿ ಬುತ್ತಿ ಉಂಡು ಬಂದಿದ್ದೆ ಅಷ್ಟೆ. ಈ ಸಲ ಸಂಗಮೇಶ್ವರ ಗುಡಿಯ ಹೊರಗೋಡೆ ಬಿಟ್ಟು ಬರಲು ಮನಸ್ಸಾಗಲಿಲ್ಲ. ಚಾಲುಕ್ಯ ವಿಜಯಾದಿತ್ಯನ ಕಾಲದ ಆ ಗುಡಿಯಲ್ಲಿ ಕೆಲವು ಮೂರ್ತಿಗಳು ಅರ್ಧಕ್ಕೇ ನಿಂತಿವೆ. "ನೋಡಲೇ, ನಮ್ಮ ಎತ್ತು ದೀಪಾವಳಿಗೆ ಹಿಂಗ ಇತ್ತು" ಅಂದ ಗೆಳೆಯ. ವಿರೂಪಾಕ್ಷ ಗುಡಿ ಮುಂದಿನ ನಂದಿಯ ಕೊರಳನ್ನು ಎಲ್ಲರೂ ಬಗ್ಗಿ ನೋಡಿದೆವು. 8ನೇ ಶತಮಾನದ ಆ ಗುಡಿಯ ಶಾಸನದಲ್ಲಿ ಕಟ್ಟಿಸಿದ ರಾಣಿ ಲೋಕಮಹಾದೇವಿಯ ಹೆಸರಷ್ಟೇ ಅಲ್ಲ, ಕಟ್ಟಿದ ಗುಂಡನ ಹೆಸರೂ ಇದೆ. ಹಾಗಾದರೆ ಕಾಕಾನ ಹೆಸರೂ ಬೇಕಲ್ವಾ? ಬಸ್ಸಿನಲ್ಲೇ ಗಲಾಟೆ ಶುರುವಾಯಿತು.

ಈಗ ಎಷ್ಟೋ ಮೂರ್ತಿಗಳು ಬಟ್ಟೆ ಸುತ್ತಿಕೊಂಡು ಲಾರಿಯಲ್ಲಿ ಬಂದಿಳಿಯುತ್ತವೆ. ದಯವಿಟ್ಟು ಶಾಲೆಯ ಹತ್ತಿರ, ಮಕ್ಕಳಿಗೆ ಕಾಣುವಂತೆ ಕೆತ್ತಿಸಿ.

ಡ್ರಾಯಿಂಗ್ ಸರ್ ನಮ್ಮ ಮಾತನ್ನು ಊರ ಹಿರಿಯರಿಗೆ ಮುಟ್ಟಿಸಿದರು. ಕಟ್ಟೆಯ ಮೂಲೆಯಲ್ಲಿ ಕಾಕಾ ತಮ್ಮ ಹೆಸರನ್ನು ಸಣ್ಣಗೆ ಕೆತ್ತಿದರು. ಅದರ ಕೆಳಗೆ, ಯಾರೂ ಕೇಳದಿದ್ದರೂ, ಅಜ್ಜನ ಎತ್ತಿನ ಹೆಸರನ್ನೂ ಕೆತ್ತಿದರು.