ಚಿತ್ರ ಬಿಡಿಸೋದನ್ನ ಎಐ ಮಾಡುತ್ತೆ, ಇನ್ನು ಡಿಸೈನರ್‌ಗೆ ಏನು ಕೆಲಸ?

ನಾನು ಗೇಮ್ ಡಿಸೈನರ್ ಅಂತ ಗೊತ್ತಾದ ತಕ್ಷಣ ಎಲ್ಲರೂ ಕೇಳುವ ಪ್ರಶ್ನೆ ಇದು. ಮದುವೆ ಮನೆಯಲ್ಲಿ ನೆಂಟರು ಕೇಳುತ್ತಾರೆ. ಪಿಯುಸಿ ಮುಗಿಸಿದ ಮಕ್ಕಳ ಅಪ್ಪ ಅಮ್ಮ ಫೋನ್ ಮಾಡಿ ಕೇಳುತ್ತಾರೆ: "ಡಿಸೈನ್ ಅಂದ್ರೆ ಚಿತ್ರ ಬಿಡಿಸೋದು ತಾನೇ? ಅದನ್ನ ಈಗ ಎಐ ಒಂದು ನಿಮಿಷದಲ್ಲಿ ಮಾಡಿಕೊಡುತ್ತೆ. ಮಗಳನ್ನ ಈ ಕೋರ್ಸಿಗೆ ಸೇರಿಸಬಹುದಾ?" ಫೀಸು ಕಟ್ಟೋರು ಅವರು, ಆತಂಕ ಇದ್ದೇ ಇರುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸೇರಿಸಿ. ಆದರೆ ಚಿತ್ರ ಬಿಡಿಸುವ ಕೆಲಸ ಸಿಗುತ್ತೆ ಅಂತ ಸೇರಿಸಬೇಡಿ.

ಜನ ಹಾಗೆ ಅಂದುಕೊಳ್ಳುವುದಕ್ಕೆ ಬೆಂಗಳೂರಿನ ಮಟ್ಟಿಗೆ ಕಾರಣವೂ ಇದೆ. ಇಲ್ಲಿ ರಾಜೇಶ್ ರಾವ್ 1997ರಲ್ಲಿ ಧ್ರುವ ಇಂಟರ್‌ಆಕ್ಟಿವ್ ಶುರು ಮಾಡಿದರು. ದೇಶದ ಮೊದಮೊದಲ ಗೇಮ್ ಕಂಪನಿಗಳಲ್ಲಿ ಅದು ಒಂದು. ಹೊರದೇಶದ ದೊಡ್ಡ ಆಟಗಳಿಗೆ ಬೇಕಾದ ಚಿತ್ರದ ಕೆಲಸ ಮಾಡಿಕೊಟ್ಟು ಅದು ಹೆಸರು ಮಾಡಿತು. 2019ರಲ್ಲಿ ಜಿಟಿಎ ಆಟ ಮಾಡುವ ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಕೊಂಡುಕೊಂಡಿತು. ಇಂಥ ಹೊರಗುತ್ತಿಗೆ ಕೆಲಸದಲ್ಲಿ ಆಟ ಹೇಗಿರಬೇಕು ಅನ್ನೋದು ಬೇರೆ ಎಲ್ಲೋ ತೀರ್ಮಾನ ಆಗುತ್ತದೆ. ನಮ್ಮೂರಿಗೆ ಬರುವುದು ಏನೇನು ಮಾಡಬೇಕು ಅನ್ನೋ ಪಟ್ಟಿ. ಆ ಕೆಲಸ ಸುಲಭದ್ದಲ್ಲ. ಒಂದು ತಲೆಮಾರಿನ ಕಲಾವಿದರು ಪಳಗಿದ್ದೇ ಅದರಲ್ಲಿ. ಆದರೆ ಎಐ ಬಂದ ಮೇಲೆ ಮೊದಲ ಏಟು ಬೀಳುತ್ತಿರುವುದೂ ಅದಕ್ಕೇ. ಮಕ್ಕಳಿಂದ ಇದನ್ನು ಮುಚ್ಚಿಡಬಾರದು.

ಹಾಗಾದ್ರೆ ಡಿಸೈನ್ ಅಂದ್ರೆ ಯಾವುದು? 1985ರ ಜಪಾನಿನ ವಿಡಿಯೊ ಗೇಮ್ ಸೂಪರ್ ಮಾರಿಯೊದ ಮೊದಲ ಪರದೆ ನೋಡಿ. ಅದರ ಹಿಂದಿದ್ದ ಶಿಗೆರು ಮಿಯಾಮೊಟೊ ಇಂಡಸ್ಟ್ರಿಯಲ್ ಡಿಸೈನ್ ಓದಿದವರು. ನಾವು ಆಡಿಸುವ ಮಾರಿಯೊ ಪರದೆಯ ಎಡಕ್ಕೆ ನಿಂತಿರುತ್ತಾನೆ, ಬಲಕ್ಕೆಲ್ಲ ಖಾಲಿ ಜಾಗ. ಅಲ್ಲಿಗೇ ಹೋಗಬೇಕು ಅಂತ ಕೈಗೆ ತಾನಾಗೇ ಗೊತ್ತಾಗುತ್ತದೆ. ನಾಲ್ಕು ಹೆಜ್ಜೆ ಹೋದರೆ ಪ್ರಶ್ನೆ ಗುರುತಿನ ಪೆಟ್ಟಿಗೆ ಮಿನುಗುತ್ತಿರುತ್ತದೆ, ಎದುರಿಂದ ಪುಟ್ಟ ಕಂದು ವೈರಿ ನಡೆದು ಬರುತ್ತದೆ. ಹಾರದಿದ್ದರೆ ಸಾಯುತ್ತೀರಿ, ಆದರೆ ಮತ್ತೆ ಶುರುವಾಗುವ ಜಾಗ ಅಲ್ಲೇ ಹಿಂದೆ ಇರುವುದರಿಂದ ಬೇಜಾರಾಗುವುದಿಲ್ಲ. ಹಾರಿದರೆ ತಲೆ ಪೆಟ್ಟಿಗೆಗೆ ಬಡಿದು ನಾಣ್ಯ ಚಿಮ್ಮಬಹುದು. ಒಂದಕ್ಷರ ಸೂಚನೆ ಇಲ್ಲದೆ ಅರ್ಧ ಆಟ ಕಲಿತಾಯ್ತು! ಯಾವುದು ಎಲ್ಲಿರಬೇಕು, ಯಾವುದರ ಹಿಂದೆ ಯಾವುದು ಬರಬೇಕು ಅಂತ ಯಾರೋ ಕೂತು ಯೋಚಿಸಿದ್ದಾರೆ. ನಾನು ಡಿಸೈನ್ ಅನ್ನುವುದು ಅದಕ್ಕೆ.

ಅಷ್ಟು ದೂರ ಯಾಕೆ, ನಮ್ಮ ಚೌಕಾಬಾರ ಇದೆಯಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ 25 ಮನೆ, ನಾಲ್ಕು ಕವಡೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವ ಹಾಗಿಲ್ಲ ಅಂತ ಬಹಳ ಮನೆಗಳಲ್ಲಿ ನಿಯಮ. ಅದೊಂದನ್ನು ತೆಗೆದು ಆಡಿ ನೋಡಿ. ಎಲ್ಲರೂ ಕಾಯಿ ಹೊಡೆಯುವ ಹಾಗಿಲ್ಲದ, ಕಾಟು ಹಾಕಿದ ಮನೆಯಿಂದ ಅಂಥದೇ ಇನ್ನೊಂದು ಮನೆಗೆ ಹುಷಾರಾಗಿ ಜಾರಿಕೊಂಡು, ಸುಮ್ನೆ ಕಾಯಿ ಹಣ್ಣು ಮಾಡಿಕೊಂಡು ಹೋಗುತ್ತಾರೆ. ಕೂಗಾಟ ಇಲ್ಲ, ಸೇಡು ಇಲ್ಲ, ಆಟದ ರುಚಿಯೇ ಇಲ್ಲ. ಗೆರೆ ಎಷ್ಟು ಸೊಟ್ಟಗಿದ್ದರೂ ಆಟ ನಡೆಯುತ್ತೆ, ಆ ನಿಯಮ ಇಲ್ಲದಿದ್ದರೆ ಸೊರಗುತ್ತೆ.

ನಮ್ಮ ಕೆಲಸದ ಒಂದು ದಿನ ಹೇಳುತ್ತೇನೆ. ಆಟವೊಂದರಲ್ಲಿ ದಾರಿ ಪಕ್ಕ ಒಂದು ಕೀಲಿ ಇತ್ತು, ಮುಂದೆ ಬೀಗ ಹಾಕಿದ ಬಾಗಿಲು. ಆಡಿ ನೋಡಲು ಬಂದ ಕಾಲೇಜು ಹುಡುಗ ಕೀಲಿಯ ಪಕ್ಕದಲ್ಲೇ ದಾಟಿ ಹೋದ. ಬಾಗಿಲಿನ ಮೇಲೆ ಹೆಬ್ಬೆರಳಲ್ಲಿ ಒತ್ತಿದ, ಮತ್ತೆ ಒತ್ತಿದ, ಕೊನೆಗೆ ಫೋನ್ ಕೆಳಗಿಟ್ಟ. ಕೀಲಿ ಹೊಳೆಯೋ ಹಾಗೆ ಮಾಡೋಣ ಅಂದರು ಒಬ್ಬರು, ಬಾಣ ಹಾಕೋಣ ಅಂದರು ಇನ್ನೊಬ್ಬರು. ನಾವು ಚಿತ್ರ ಮುಟ್ಟಲೇ ಇಲ್ಲ. ಬಾಗಿಲನ್ನು ಮೊದಲು ತಂದು, ಕೀಲಿಯನ್ನು ಆಮೇಲೆ ಇಟ್ಟೆವು. ಬೀಗ ನೋಡಿದ ಕಣ್ಣು ಕೀಲಿ ಹುಡುಕುತ್ತದೆ. ಮುಂದೆ ಆಡಿದವರು ಯಾರೂ ಅದನ್ನು ತಪ್ಪಿಸಲಿಲ್ಲ. ಹುಡುಗನ ಹೆಬ್ಬೆರಳನ್ನು ನೋಡುತ್ತಾ ಪಕ್ಕದಲ್ಲಿ ಕೂರದಿದ್ದರೆ ಇದು ಹೊಳೆಯುತ್ತಿರಲಿಲ್ಲ.

ಎಐಗಿಂತ ಮೊದಲೇ ಬಂದ ಇನ್ನೊಂದು ಬದಲಾವಣೆ ನನ್ನನ್ನು ಜಾಸ್ತಿ ಕಾಡುತ್ತದೆ. ಆಗೆಲ್ಲ ಆಟ ಕ್ಯಾಸೆಟ್‌ನಲ್ಲೋ ಸೀಡಿಯಲ್ಲೋ ಹೋದರೆ ಮುಗಿಯಿತು. ಈಗ ಫೋನಿನಲ್ಲಿರುವ ಆಟ ಮುಗಿಯುವುದೇ ಇಲ್ಲ. ಒತ್ತಿದ್ದು, ಬಿಟ್ಟಿದ್ದು ಎಲ್ಲ ಲೆಕ್ಕಕ್ಕೆ ಬರುತ್ತದೆ. ಮಾರನೇ ದಿನ ಎಷ್ಟು ಜನ ವಾಪಸ್ ಬಂದರು, ಏಳನೇ ದಿನ ಎಷ್ಟು, ಮೂವತ್ತನೇ ದಿನ ಎಷ್ಟು ಅಂತ ಮೀಟಿಂಗ್‌ನಲ್ಲಿ ಕೇಳುತ್ತಾರೆ. ಆಟದ ಪಟ್ಟುಗಳೆಲ್ಲ ದುಡ್ಡು ಕಳಿಸುವ ಆ್ಯಪ್‌ಗೆ, ಊಟ ತರಿಸುವ ಆ್ಯಪ್‌ಗೆ ಹೋಗಿ ಕೂತಿವೆ. ಕೆರೆದು ನೋಡುವ ಕಾರ್ಡು, ಒಂದು ದಿನವೂ ತಪ್ಪದಂತೆ ಬರಿಸುವ ಲೆಕ್ಕ, "ಇನ್ನು ಐದೇ ನಿಮಿಷ" ಅಂತ ಓಡುವ ಗಡಿಯಾರ. ಇವನ್ನೆಲ್ಲ ಮಾಡುವುದು ಡಿಸೈನರ್‌ಗಳೇ, ಅಲ್ವಾ?

ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಇಂಥ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು. ಕೇಳದೆ ಕಾರ್ಟಿಗೆ ಸಾಮಾನು ಸೇರಿಸುವುದು, ಸುಳ್ಳು ಅವಸರ ಹುಟ್ಟಿಸುವುದು, ಚಂದಾದಿಂದ ಹೊರಬರಲು ಬಿಡದಿರುವುದು ಅದರಲ್ಲಿವೆ. 2025ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ಕಾನೂನು ಮಾಡಿ ನಿಷೇಧಿಸಿದರು. "ರದ್ದು ಮಾಡಿ" ಅನ್ನುವ ಬಟನ್ ಎಷ್ಟು ದೊಡ್ಡದಿರಬೇಕು, ಎಷ್ಟು ಪರದೆ ದಾಟಿದ ಮೇಲೆ ಸಿಗಬೇಕು ಅನ್ನುವುದು ಈಗ ಅಂದ ಚೆಂದದ ವಿಷಯ ಆಗಿ ಉಳಿದಿಲ್ಲ. ಎಐಗೆ ಚಂದಾ ಕಟ್ಟುವ ಪರದೆ ಮಾಡು ಅಂದರೆ ಎಲ್ಲ ಕಡೆ ಇರುವಂಥದ್ದನ್ನೇ ಮಾಡಿಕೊಡಬಹುದು. ಮೋಸದ ಪಟ್ಟುಗಳೂ ಅದರ ಜೊತೆಗೇ ಬರಬಹುದು. ಆಡುವವರ ಪರವಾಗಿ ಮೀಟಿಂಗ್‌ನಲ್ಲಿ ಎದ್ದು "ಇದು ಬೇಡ" ಅನ್ನಲು ಒಬ್ಬರು ಬೇಕು. ಅದಕ್ಕೆ ನನ್ನ ಕಸುಬಿನವರು ತಯಾರಿರಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಕನ್ನಡದ ಮಾತೂ ಇದೆ. ಇಂಗ್ಲಿಷ್ ಅಳತೆಗೆ ಮಾಡಿದ ಬಟನ್‌ನಲ್ಲಿ "ರಾಷ್ಟ್ರೀಯ" ಅಂತ ಹಾಕಿದರೆ ಒತ್ತಕ್ಷರದ ಕೆಳಗಿನ ತುದಿ ಕತ್ತರಿಸಿಹೋಗುತ್ತದೆ. ಸಾಲಿಗೆ ಎತ್ತರ ಜಾಸ್ತಿ ಕೊಡಬೇಕು, ಬಟನ್ ಅಗಲ ಮಾಡಬೇಕು. ಕನ್ನಡ ಓದುವ ಕಣ್ಣು ತಂಡದಲ್ಲಿ ಇಲ್ಲದಿದ್ದರೆ ಅದು ಹಾಗೇ ಜನರ ಕೈಗೆ ಹೋಗುತ್ತದೆ.

ಇನ್ನು ಕೋರ್ಸಿನ ವಿಷಯ. ಡಿಗ್ರಿ ಆದ ಮೇಲೆ ಓದುವುದಾದರೆ ಬೆಂಗಳೂರಿನ ತುಮಕೂರು ರಸ್ತೆಯ ಎನ್‌ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಕ್ಯಾಂಪಸ್‌ನಲ್ಲಿ ಡಿಜಿಟಲ್ ಗೇಮ್ ಡಿಸೈನ್‌ನಲ್ಲೇ ಎಂ.ಡೆಸ್, ಅಂದರೆ ಡಿಸೈನ್‌ನ ಸ್ನಾತಕೋತ್ತರ ಪದವಿ, ಇದೆ. ಹೊಸಬರಿಗೆ ಮೊದಲ ಕೆಲಸ ಸಿಗುವುದು ಮಾತ್ರ ಹಿಂದಿಗಿಂತ ಕಷ್ಟ, ನನಗೂ ಅದೇ ಚಿಂತೆ. ಕೆಲಸ ಕೇಳುವಾಗ ತೋರಿಸುವ ಪೋರ್ಟ್‌ಫೋಲಿಯೊದಲ್ಲಿ, ಅಂದರೆ ಮಾಡಿದ ಕೆಲಸಗಳ ಕಡತದಲ್ಲಿ, ಬರೀ ಚೆಂದದ ಚಿತ್ರಗಳಿದ್ದರೆ ಈಗ ಸಾಲದು.

ಅದಕ್ಕೇ ಮಗಳಿಗೆ ಒಂದು ಕೆಲಸ ಹೇಳಿ. ಗೊತ್ತಿರುವ ಯಾವುದಾದರೂ ಆಟಕ್ಕೆ ಒಂದು ಹೊಸ ನಿಯಮ ಸೇರಿಸಲಿ. ಅಜ್ಜಿಯನ್ನೂ ತಮ್ಮನನ್ನೂ ಕೂರಿಸಿ ಆಡಿಸಲಿ. ತಾನು ಬಾಯಿ ಹಾಕದೆ ಪಕ್ಕದಲ್ಲಿ ಕೂತು, ಎಲ್ಲಿ ತಡವರಿಸಿದರು, ಎಲ್ಲಿ ಜಗಳ ಆಡಿದರು, ಎಲ್ಲಿ ಬೇಜಾರಾಗಿ ಎದ್ದು ಹೋದರು ಅಂತ ಬರೆದುಕೊಳ್ಳಲಿ. ನಿಯಮ ಬದಲಿಸಿ ಮತ್ತೆ ಆಡಿಸಲಿ. ಆ ನೋಟ್‌ಬುಕ್ ತಗೊಂಡು ನನ್ನ ಹತ್ತಿರ ಬಂದರೆ, ಚಿತ್ರಗಳಿಗಿಂತ ಮೊದಲು ಅದನ್ನೇ ತೆಗೆದು ಓದುತ್ತೇನೆ.