ಪ್ಯಾರಿಸ್ ಸಾಹಿತ್ಯಯಾತ್ರೆ: ಸೋಮವಾರ ಎಲ್ಲಿಗೆ ಹೋಗಬೇಕು?

ವಿಕ್ಟರ್ ಹ್ಯೂಗೊ ಮನೆಯ ಮುಂದೆ ನಾನು ಹೋಗಿ ನಿಂತದ್ದು ಸೋಮವಾರ. ಬಾಗಿಲು ಹಾಕಿತ್ತು. ತಪ್ಪು ನನ್ನದೇ. ಪ್ಲಾಸ್ ದೆ ವೋಜ್ ಚೌಕದ ಈ ಮನೆಗೂ ಪಾಸಿ ಬಡಾವಣೆಯ ಕಾದಂಬರಿಕಾರ ಬಾಲ್ಜಾಕ್ ಮನೆಗೂ ಸೋಮವಾರ ರಜೆ. ಎರಡೂ ನಗರಾಡಳಿತದ ವಸ್ತುಸಂಗ್ರಹಾಲಯಗಳು; ಕಾಯಂ ಸಂಗ್ರಹ ನೋಡಲು ದುಡ್ಡು ಕೊಡಬೇಕಿಲ್ಲ. ಆದ್ದರಿಂದ ಮನೆಗಳನ್ನು ಮಂಗಳವಾರಕ್ಕೋ ಆಮೇಲಕ್ಕೋ ಇಟ್ಟುಕೊಂಡು ಸೋಮವಾರವನ್ನು ಸಮಾಧಿಗಳಿಗೆ ಬಿಡಿ. ಸತ್ತವರಿಗೆ ವಾರದ ರಜೆ ಇಲ್ಲ.

ಪೇರ್ ಲಾಶೇಸ್ ಸ್ಮಶಾನದಲ್ಲಿ ಮೋಲಿಯೇರ್, ಬಾಲ್ಜಾಕ್, ಪ್ರೂಸ್ಟ್ ಎಲ್ಲರೂ ಇದ್ದಾರೆ, ನಿಜ. ಆದರೆ ಅದು ನಲವತ್ತಕ್ಕೂ ಹೆಚ್ಚು ಹೆಕ್ಟೇರಿನ ಗುಡ್ಡ. ಮೊಣಕಾಲು ಗಟ್ಟಿಯಿರಬೇಕು, ಅರ್ಧ ದಿನ ಕೈಯಲ್ಲಿರಬೇಕು. ನಾನು ಮೆಟ್ರೊ ಹಿಡಿದು ರಸ್ಪಾಯ್ ನಿಲ್ದಾಣದಲ್ಲಿ ಇಳಿದು ಮೋಂಪಾರ್ನಾಸ್ ಸ್ಮಶಾನಕ್ಕೆ ಹೋದೆ. ಚೀಲದಲ್ಲಿ ಲಂಕೇಶರು ಅನುವಾದಿಸಿದ 'ಪಾಪದ ಹೂಗಳು' ಇತ್ತು. ಆ ಕವಿತೆಗಳ ಮೂಲಕರ್ತ ಬೋದಿಲೇರ್‌ನನ್ನು ಹುಡುಕಬೇಕಿತ್ತು.

ಇಲ್ಲೊಂದು ಎಚ್ಚರಿಕೆ. ಬೋದಿಲೇರ್ ಹೆಸರಿನ ದೊಡ್ಡ ಶಿಲ್ಪವೊಂದು ಕಣ್ಣಿಗೆ ಬೀಳುತ್ತದೆ. ಅದು ಸ್ಮಾರಕ ಮಾತ್ರ, ಅದರಡಿ ಯಾರೂ ಇಲ್ಲ. ನಿಜವಾದ ಸಮಾಧಿ ಆರನೆಯ ವಿಭಾಗದಲ್ಲಿದೆ, ಸಾದಾ ಕಲ್ಲು. ಮೇಲುಗಡೆ ಮಲತಂದೆ ಜನರಲ್ ಓಪಿಕ್‌ನ ಹೆಸರು, ಅವನ ಪದವಿಗಳ ಉದ್ದನೆಯ ಪಟ್ಟಿ. ಕೆಳಗೆ ಬೋದಿಲೇರ್: ಜನರಲ್‌ನ ಮಲಮಗ, 46ನೇ ವಯಸ್ಸಿನಲ್ಲಿ, 1867ರ ಆಗಸ್ಟ್ 31ರಂದು ತೀರಿಕೊಂಡವನು. ಅಷ್ಟೇ. ಕವಿ ಎಂಬ ಮಾತೇ ಇಲ್ಲ. 1848ರ ದಂಗೆಯಲ್ಲಿ 'ಜನರಲ್ ಓಪಿಕ್‌ನನ್ನು ಗುಂಡಿಟ್ಟು ಕೊಲ್ಲಿ' ಎಂದು ಕೂಗಾಡಿದನೆಂದು ಹೇಳಲಾಗುವ ಮನುಷ್ಯನಿಗೆ ಸಿಕ್ಕ ನೆರೆಹೊರೆ ಇದು! 1857ರಲ್ಲಿ ನ್ಯಾಯಾಲಯ ನಿಷೇಧಿಸಿದ ಅವನ ಆರು ಕವಿತೆಗಳಿಗೆ ಬಿಡುಗಡೆ ಸಿಕ್ಕದ್ದು 1949ರಲ್ಲಿ. ನಾನು ಅಲ್ಲೇ ನಿಂತು ಕನ್ನಡದಲ್ಲಿ ಎರಡು ಕವಿತೆ ಓದಿಕೊಂಡೆ. ಹೊರಡುವಾಗ ಮುಖ್ಯದ್ವಾರದ ಹತ್ತಿರವೇ ಸಾರ್ತ್ರ ಮತ್ತು ಸಿಮೋನ್ ದ ಬೋವಾ ಒಂದೇ ಕಲ್ಲಿನಡಿ ಇದ್ದಾರೆ; ಹುಡುಕುವ ಕಷ್ಟವಿಲ್ಲ.

ಮರುದಿನ ರಸ್ಪಾಯ್ ಮೂಲಕವೇ ಹೋಗುವ ಆರನೆಯ ಮಾರ್ಗದ ಮೆಟ್ರೊದಲ್ಲಿ ಪಾಸಿಗೆ ಹೋಗಿ. ಸೆನ್ ನದಿಯ ಸೇತುವೆ ಮೇಲೆ ರೈಲು ಬಯಲಿಗೆ ಬಂದಾಗ ಬಲಕ್ಕೆ ಐಫೆಲ್ ಗೋಪುರ, ಅದೂ ಟಿಕೆಟ್ಟಿಲ್ಲದೆ. ಬಾಲ್ಜಾಕ್ 1840ರಿಂದ 1847ರವರೆಗೆ ಇಲ್ಲಿ ಬ್ರೂನ್ಯೋಲ್ ಎಂಬ ಸುಳ್ಳು ಹೆಸರಿನಲ್ಲಿ ವಾಸಿಸಿದ. ಸಾಲ ಕೊಟ್ಟವರ ಕಾಟ. ಅವನ ಪುಟ್ಟ ಬರೆಯುವ ಮೇಜು, ಕಾಫಿ ಪಾತ್ರೆ, ಅಚ್ಚಿನ ಕರಡನ್ನು ತಿದ್ದಿ ತಿದ್ದಿ ಕಪ್ಪು ಮಾಡಿದ ಹಾಳೆಗಳು ಇವೆ. ಅವನ ಕಾದಂಬರಿಮಾಲೆ 'ಹ್ಯೂಮನ್ ಕಾಮಿಡಿ'ಯ ಒಂದು ಕಾದಂಬರಿಯನ್ನಾದರೂ ಓದಿಕೊಂಡು ಹೋಗಿ, ಇಲ್ಲದಿದ್ದರೆ ಅದು ಬರೀ ಮೇಜು.

ರಸ್ತೆಯಿಂದ ಮೆಟ್ಟಿಲಿಳಿದರೆ ತೋಟ, ಅದರಾಚೆ ಮನೆ. ನೋಡಿದ ಮೇಲೆ ಸುತ್ತು ಹಾಕಿ ಹಿಂಬದಿಯ ಬೆರ್ತೋನ್ ಗಲ್ಲಿಗೂ ಬನ್ನಿ. ಎತ್ತರದ ಗೋಡೆಗಳ ನಡುವಿನ ಇಕ್ಕಟ್ಟಾದ ಕಲ್ಲುಹಾಸಿನ ದಾರಿ. ಸಾಲ ಕೊಟ್ಟವನು ಮುಂಬಾಗಿಲು ತಟ್ಟಿದರೆ ಬಾಲ್ಜಾಕ್ ಜಾರಿಕೊಳ್ಳುತ್ತಿದ್ದದ್ದು ಈ ಕಡೆಯಿಂದ.